ಹಲವು ವಿಭಾಗಗಳಿಗೆ ಒಂದೇ ತಂತ್ರಾಂಶ ಸೇವೆ: ಯಾವುದನ್ನು ಮೊದಲು ಆರಿಸಬೇಕು?

ಪ್ರಶ್ನೆ
ನಮ್ಮದು ಸಾಲ, ಠೇವಣಿ, ವಿಮೆ ವಿಭಾಗಗಳಿರುವ ಹಣಕಾಸು ಸಂಸ್ಥೆ. ಕೆವೈಸಿ, ಎಸ್‌ಎಂಎಸ್, ಬಡ್ಡಿ ಲೆಕ್ಕ ಇವೆಲ್ಲವನ್ನೂ ಪ್ರತಿ ವಿಭಾಗವೂ ತನ್ನ ತಂತ್ರಾಂಶದಲ್ಲೇ ಬೇರೆಬೇರೆಯಾಗಿ ಕಟ್ಟಿಕೊಂಡಿದೆ. ಇವನ್ನು ಎಲ್ಲರೂ ಬಳಸುವ ಸೇವೆಗಳನ್ನಾಗಿಸಲು ಯೋಜನೆ ಸಿದ್ಧಪಡಿಸುವಂತೆ ಮೇಲಧಿಕಾರಿಗಳು ಸೂಚಿಸಿದ್ದಾರೆ. ಯಾವುದು ಹಂಚಿಕೊಳ್ಳಲು ತಕ್ಕದ್ದು ಎಂದು ಹೇಗೆ ನಿರ್ಧರಿಸುವುದು?

ಉತ್ತರ 1
ಕೋಡ್ ಒಂದೇ ತೆರನಾಗಿ ಕಂಡರೆ ಸಾಲದು. ನಿಯಮ ಬದಲಾದಾಗ ಎಲ್ಲ ವಿಭಾಗಗಳಿಗೂ ಒಟ್ಟಿಗೇ ಬದಲಾಗುತ್ತದೆಯೇ ಎಂಬುದನ್ನು ನೋಡಿ. ಎಸ್‌ಎಂಎಸ್ ಅಂಥದ್ದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಂತೆ ಹೆಡರ್ (ಕಳುಹಿಸುವವರ ಹೆಸರು) ಮತ್ತು ಟೆಂಪ್ಲೇಟ್ (ಸಂದೇಶದ ಮಾದರಿ ಪಠ್ಯ) ಎರಡೂ ಮೊಬೈಲ್ ಕಂಪನಿಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ನೋಂದಣಿಯಾಗಿರಬೇಕು. ‘ನಿಮ್ಮ ಕಂತು ಬಾಕಿ ಇದೆ’ ಎಂದು ನೋಂದಾಯಿಸಿ ‘ಕಂತು ಬಾಕಿಯಿದೆ’ ಎಂದು ಕಳುಹಿಸಿದರೆ ಸಂದೇಶ ಮೊಬೈಲ್ ಕಂಪನಿಯಲ್ಲೇ ತಡೆಹಿಡಿಯಲ್ಪಡಬಹುದು. ಇಷ್ಟು ನಾಜೂಕಿನ ಕೆಲಸವನ್ನು ಮೂರು ತಂಡಗಳು ಪ್ರತ್ಯೇಕವಾಗಿ ನೋಡಿಕೊಳ್ಳಬೇಕಾದ ಅಗತ್ಯವಿಲ್ಲ.

ಬಡ್ಡಿ ಲೆಕ್ಕ ಹಾಗಲ್ಲ. ಸಾಲಕ್ಕೆ ಇಳಿಯುವ ಅಸಲಿನ ಮೇಲೆ ಬಡ್ಡಿ, ಠೇವಣಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ; ಎರಡನ್ನೂ ಒಂದೇ ಸೇವೆಗೆ ತುರುಕಿದರೆ ಅದರೊಳಗೆ ಷರತ್ತುಗಳ ಮೇಲೆ ಷರತ್ತು ಬೆಳೆಯುತ್ತದೆಯೇ ಹೊರತು ಉಳಿತಾಯವೇನೂ ಆಗದು.

ಉತ್ತರ 2
ಕೆವೈಸಿಯನ್ನು ಮಾತ್ರ ಎರಡು ಭಾಗ ಮಾಡಿ ನೋಡಬೇಕು. ಉದಾಹರಣೆಗೆ, ಕರ್ನಾಟಕದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರು ಒಮ್ಮೆ ನೋಂದಾಯಿಸಿಕೊಂಡು ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಪಡೆದರೆ, ರಾಜ್ಯದ ಭೂದಾಖಲೆ ತಂತ್ರಾಂಶವಾದ ‘ಭೂಮಿ’ಯ ಪಹಣಿ ವಿವರಗಳೊಂದಿಗೆ ಜೋಡಣೆಯಾದ ಆ ಗುರುತನ್ನು ಕೃಷಿ, ತೋಟಗಾರಿಕೆ, ರೇಷ್ಮೆ ಇಲಾಖೆಗಳು ಬಳಸಿಕೊಳ್ಳುತ್ತವೆ. ಯಾವ ಸಹಾಯಧನಕ್ಕೆ ಯಾರು ಅರ್ಹರು ಎಂಬುದು ಆಯಾ ಯೋಜನೆಯ ನಿಯಮಕ್ಕೆ ಬಿಟ್ಟದ್ದು. ನಿಮ್ಮಲ್ಲಿಯೂ ಗ್ರಾಹಕರ ಗುರುತು, ವಿಳಾಸ, ದಾಖಲೆಗಳು ಒಂದೆಡೆ ಇರಲಿ. ಸಾಲ ಕೊಡಬೇಕೇ ಬೇಡವೇ ಎಂಬ ತೀರ್ಮಾನ ಸಾಲ ವಿಭಾಗದಲ್ಲೇ ಉಳಿಯಲಿ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಹಾಗಾದರೆ ಎಸ್‌ಎಂಎಸ್‌ನಿಂದ ಆರಂಭಿಸುತ್ತೇವೆ. ಆದರೆ ವಿಮೆ ವಿಭಾಗದವರು ತಮ್ಮ ವ್ಯವಸ್ಥೆಯನ್ನು ಬಿಟ್ಟುಕೊಡಲು ಒಪ್ಪುತ್ತಿಲ್ಲ.

ಉತ್ತರ 3
ಅವರನ್ನು ಮೊದಲ ಹಂತದಿಂದ ಕೈಬಿಡಿ, ಆದರೆ ಅವರ ಆತಂಕವನ್ನು ಕೇಳಿ ಬರೆದಿಟ್ಟುಕೊಳ್ಳಿ. ಬಹುಪಾಲು ಅದು ಹಟವಲ್ಲ. ತಿಂಗಳ ಆರಂಭದಲ್ಲಿ ಸಾಲ ವಿಭಾಗವು ಕಂತಿನ ಜ್ಞಾಪನೆಗಳನ್ನು ರಾಶಿಯಾಗಿ ಕಳುಹಿಸುವಾಗ, ಅದೇ ಸರತಿಯಲ್ಲಿ ಸಿಲುಕಿದ ವಿಮೆ ಗ್ರಾಹಕರ ಒಟಿಪಿ ಅವಧಿ ಮೀರಿದ ಮೇಲೆ ತಲುಪಿದರೆ ಬೈಗುಳ ಕೇಳುವವರು ಅವರೇ ತಾನೆ? ಒಟಿಪಿಗೆ ಪ್ರತ್ಯೇಕ ಸರತಿ ಇಡಿ. ಸೇವೆಯ ಹೊಣೆ ಯಾವ ತಂಡದ್ದು, ಖರ್ಚು ಯಾರ ಬಜೆಟ್ಟಿನದು, ರಾತ್ರಿ ಕೆಟ್ಟರೆ ಫೋನ್ ಎತ್ತುವವರು ಯಾರು ಎಂಬುದನ್ನು ಕೋಡ್ ಬರೆಯುವ ಮುನ್ನವೇ ಲಿಖಿತವಾಗಿ ಒಪ್ಪಿಸಿಕೊಳ್ಳಿ. ಸಾಲ, ಠೇವಣಿಯ ಹಳೆಯ ಸಂಪರ್ಕಗಳನ್ನು ಮುಚ್ಚುವ ದಿನಾಂಕವೂ ಅದರಲ್ಲಿರಲಿ; ಇಲ್ಲವಾದರೆ ಮೂರು ವ್ಯವಸ್ಥೆಗಳ ಜೊತೆಗೆ ನಾಲ್ಕನೆಯದೊಂದು ಸೇರಿಕೊಳ್ಳುತ್ತದೆ.