ಬೈಪಾಸ್ ಆಗಿ ಆರು ವರ್ಷ, ಈಗ ಅಮ್ಮನ ಪಾದಕ್ಕೆ ಜೋಮು

ಪ್ರಶ್ನೆ: ಶಿವಮೊಗ್ಗ ಹುಡುಗಿ
ಅಮ್ಮನಿಗೆ 56 ವರ್ಷ. 2019ರಲ್ಲಿ ಬೆಂಗಳೂರಿನಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ (ತೂಕ ಇಳಿಸಲು ಹೊಟ್ಟೆ ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ಆಪರೇಷನ್) ಮಾಡಿಸಿದೆವು. 112 ಕೆಜಿ ಇದ್ದವರು 74ಕ್ಕೆ ಬಂದರು, ಶುಗರ್ ಮಾತ್ರೆಯೂ ನಿಂತಿತು. ಈಗ ಕೆಲವು ತಿಂಗಳಿಂದ ಎರಡೂ ಪಾದ ಜುಮುಜುಮು ಅನ್ನುತ್ತವಂತೆ. ನಡೆಯುವಾಗ ಚಪ್ಪಲಿ ಕಳಚಿಕೊಂಡರೂ ಗೊತ್ತಾಗುವುದಿಲ್ಲ, ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಾರೆ. ಇಲ್ಲಿನ ಡಾಕ್ಟರು ಹಳೇ ಶುಗರ್‌ನಿಂದ ಅಂದರು. ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಆಪರೇಷನ್‌ಗೂ ಇದಕ್ಕೂ ಸಂಬಂಧ ಇರಬಹುದಾ?

ಉತ್ತರ: ಪದ್ಮಕ್ಕ, ಹಾಸನ
ಇರಬಹುದಮ್ಮ. ಮೊದಲು ರಕ್ತದಲ್ಲಿ ವಿಟಮಿನ್ ಬಿ12 ನೋಡಿಸಿ. ನನಗೂ ಬೈಪಾಸ್ ಆಗಿದೆ. ನನಗೆ ಕಾಲಿಗಿಂತ ಮೊದಲು ನಾಲಿಗೆ ಉರಿ ಶುರುವಾಯಿತು, ಸಾರು ಬಾಯಿಗಿಡಲು ಆಗುತ್ತಿರಲಿಲ್ಲ. ಊಟದಲ್ಲಿರುವ ಬಿ12 ಮೈಗೆ ಹತ್ತಬೇಕಾದರೆ ಹೊಟ್ಟೆಯ ಆಸಿಡ್ ಬೇಕು, ಹೊಟ್ಟೆಯೇ ಸುರಿಸುವ ಇನ್ನೊಂದು ಪ್ರೋಟೀನೂ ಬೇಕು. ಬೈಪಾಸ್ ಆದಮೇಲೆ ಊಟ ಆ ಭಾಗಕ್ಕೆ ಹೋಗುವುದೇ ಇಲ್ಲ. ಲಿವರ್‌ನಲ್ಲಿ ಕೂಡಿಟ್ಟಿದ್ದು ವರ್ಷಗಟ್ಟಲೆ ಸಾಗುತ್ತದೆ, ಅದಕ್ಕೇ ಇಷ್ಟು ತಡವಾಗಿ ಕಾಣುವುದು. ಮೊಟ್ಟೆ, ಮಾಂಸ ತಿನ್ನದವರಲ್ಲಿ ಆ ದಾಸ್ತಾನೂ ಕಮ್ಮಿ. ಅಮ್ಮ ಮೊದಲು ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ ಅದರದೂ ಪಾಲು ಇರುತ್ತದೆ. ರಕ್ತ ಕಡಿಮೆ ಅಂತ ಬರೀ ಫೋಲಿಕ್ ಆಸಿಡ್ ಕೊಟ್ಟರೆ ಸುಮ್ನೆ ನುಂಗಿಸಬೇಡಿ. ರಕ್ತ ಸರಿಯಾದ ಹಾಗೆ ಕಾಣುತ್ತದೆ, ನರ ಒಳಗೇ ಹಾಳಾಗುತ್ತಾ ಹೋಗುತ್ತದೆ. ಈ ವಾರವೇ ಹೋಗಿ.

ಉತ್ತರ: ಡಯಟೀಷಿಯನ್, ಮೈಸೂರು
ಅಕ್ಕ ಹೇಳಿದ್ದು ಸರಿ. ಜೊತೆಗೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ವಿಟಮಿನ್ ಡಿ, ಪಿಟಿಎಚ್ (ಕ್ಯಾಲ್ಸಿಯಂ ಹತೋಟಿಯಲ್ಲಿಡುವ ಹಾರ್ಮೋನು), ತಾಮ್ರ ನೋಡಿಸಿ. ತಾಮ್ರ ಕಡಿಮೆಯಾದರೂ ಕಾಲು ಹೀಗೇ ಆಗುತ್ತದೆ. ಕ್ಯಾಲ್ಸಿಯಂ ಸಿಟ್ರೇಟ್ ರೂಪದ್ದನ್ನೇ ಕೇಳಿ, ಕಾರ್ಬೊನೇಟ್ ಕರಗಲು ಆಸಿಡ್ ಬೇಕು. ಅದಕ್ಕೂ ಕಬ್ಬಿಣದ ಮಾತ್ರೆಗೂ ಎರಡು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆ ಕಾಫಿ ಜೊತೆ ಬೇಡವೇ ಬೇಡ. ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಗೋಬಾರದು. ಹೊಟ್ಟೆಗೆ ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣಾಗಬಹುದು.

ಶಿವಮೊಗ್ಗ ಹುಡುಗಿ
ರಿಪೋರ್ಟ್ ಬಂತು. ಬಿ12 ಬರೀ 118. ಇಂಜೆಕ್ಷನ್ ಶುರುವಾಗಿದೆ. ಅಕ್ಕ, ಹೋಳಿಗೆ ತಿಂದು ಎರಡು ಗಂಟೆಗೆ ಅಮ್ಮ ಬೆವರಿ ನಡುಗುತ್ತಾರೆ. ಅದೂ ಬಿ12 ಕಮ್ಮಿ ಇರುವುದರಿಂದಲೇನಾ?

ಪದ್ಮಕ್ಕ, ಹಾಸನ
ಅಲ್ಲ, ಅದು ಬೇರೆ. ಸಿಹಿ ಸರ್ರನೆ ಕರುಳಿಗೆ ಇಳಿದು ಇನ್ಸುಲಿನ್ ಜಾಸ್ತಿಯಾಗುತ್ತದೆ, ಆಮೇಲೆ ಶುಗರ್ ಕುಸಿಯುತ್ತದೆ. ಬೈಪಾಸ್ ಆಗಿ ವರ್ಷಗಳಾದ ಮೇಲೂ ಬರುವಂಥದ್ದು. ಬೆವರುವಾಗಲೇ ಗ್ಲುಕೋಮೀಟರ್‌ನಲ್ಲಿ ನೋಡಿ ಬರೆದಿಡಿ, ಸರ್ಜನ್‌ಗೆ ತೋರಿಸಿ. 70ಕ್ಕಿಂತ ಕೆಳಗಿದ್ದರೆ ಮೊದಲು ಗ್ಲುಕೋಸ್ ಕೊಡಿ. ಆ ಹೊತ್ತಿನಲ್ಲಿ ಅಮ್ಮನನ್ನು ಒಬ್ಬರನ್ನೇ ಮೆಟ್ಟಿಲು ಹತ್ತಲು ಬಿಡಬೇಡಿ.