‘ಸಭೆ’, ‘ಮಹಾಸಭೆ’, ‘ಪರಿಷತ್ತು’: ಲೂಥರನ ವಾದಕ್ಕೆ ಯಾವುದು ಹೊಂದುತ್ತದೆ?

1519ರ ಬೇಸಿಗೆಯಲ್ಲಿ ಲೈಪ್‌ಜಿಗ್‌ನ ಪ್ಲೈಸೆನ್‌ಬುರ್ಗ್ ಕೋಟೆಯಲ್ಲಿ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರನಿಗೂ ಪೋಪನ ಪಕ್ಷದ ದೇವಶಾಸ್ತ್ರ ಪಂಡಿತ ಯೋಹಾನ್ ಎಕ್‌ನಿಗೂ ಪೋಪನ ಅಧಿಕಾರದ ಬಗ್ಗೆ ನಡೆದ ವಾದವನ್ನು ಕನ್ನಡದಲ್ಲಿ ಬರೆಯುವಾಗ ಎದುರಾದ ಪದದ ತೊಡಕೊಂದನ್ನು ಬಲ್ಲವರ ಮುಂದಿಡುತ್ತಿದ್ದೇನೆ.

ಆ ವಾದದಲ್ಲಿ ಎರಡು ಲ್ಯಾಟಿನ್ ಪದಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳಬೇಕಾಗುತ್ತದೆ. ‘ಎಕ್ಲೇಸಿಯ’ ಎಂದರೆ ವಿಶ್ವಾಸಿಗಳ ಇಡೀ ಸಮುದಾಯ; ‘ಕೊನ್ಸಿಲಿಯುಮ್’ ಎಂದರೆ ವಿವಾದ ತೀರ್ಮಾನಿಸಲು ಬಿಷಪರೂ ದೇವಶಾಸ್ತ್ರ ಪಂಡಿತರೂ ಕೂಡುವ ಕೂಟ. ಕನ್ನಡ ಬೈಬಲ್ಲಿನಲ್ಲಿ ಮೊದಲನೆಯದಕ್ಕೆ ‘ಸಭೆ’ ನೆಲೆಗೊಂಡಿದೆ, ಕಥೋಲಿಕರು ‘ಧರ್ಮಸಭೆ’ ಎನ್ನುತ್ತಾರೆ. ಹೀಗಿರುವಾಗ ಎರಡನೆಯದನ್ನು ‘ಮಹಾಸಭೆ’ ಎಂದು ಬರೆದರೆ, ‘ಮಹಾಸಭೆಯೂ ತಪ್ಪಬಲ್ಲದು’ ಎಂಬುದನ್ನು ಓದಿದವರು ಇಡೀ ಧರ್ಮಸಭೆಯೇ ದಾರಿ ತಪ್ಪಬಲ್ಲದೆಂದು ಲೂಥರ್ ಹೇಳಿದನೆಂದು ತಿಳಿಯುವ ಅಪಾಯವಿದೆ. ಅವನು ಹೇಳಿದ್ದು ಅದಲ್ಲ. 1415ರಲ್ಲಿ ಬೊಹೀಮಿಯದ ಸುಧಾರಕ ಯಾನ್ ಹುಸ್‌ನನ್ನು ಪಾಷಂಡಿಯೆಂದು ಸಾರಿದ, ಕಾನ್‌ಸ್ಟನ್ಸ್ ನಗರದಲ್ಲಿ ಸೇರಿದ್ದ ಕೂಟವು ಖಂಡಿಸಿದ ಅವನ ವಾಕ್ಯಗಳಲ್ಲಿ ಕೆಲವು ಸುವಾರ್ತೆಗೆ ಒಪ್ಪುವಂಥವೇ ಎಂದು ಲೂಥರ್ ಒಪ್ಪಿಕೊಂಡನು. ಪೋಪನಂತೆ ಅಂಥ ಕೂಟವೂ ತಪ್ಪಬಲ್ಲದೆಂಬ ಮಾತು ಹೊರಬಿದ್ದದ್ದು ಅಲ್ಲಿಂದ.

‘ಪರಿಷತ್ತು’ ಎನ್ನೋಣವೆಂದರೆ, ವಿಧಾನ ಪರಿಷತ್ತು, ಸಾಹಿತ್ಯ ಪರಿಷತ್ತುಗಳಿಂದಾಗಿ ಅದು ಸದಾ ಇರುವ ಸಂಸ್ಥೆಯ ಹೆಸರಾಗಿಬಿಟ್ಟಿದೆ. ಈ ಕೂಟವಾದರೋ ಕರೆದಾಗ ಕೂಡಿ, ಕೆಲಸ ಮುಗಿದ ಮೇಲೆ ಚದುರುವಂಥದ್ದು, ಮತ್ತು ಅದನ್ನು ಕರೆಯುವ ಹಕ್ಕು ಯಾರದೆಂಬುದೇ ಜಗಳದ ಒಂದು ತಿರುಳು. ತನ್ನ ಅಧಿಕಾರ ನೇರವಾಗಿ ಕ್ರಿಸ್ತನಿಂದ ಬಂದದ್ದು, ವಿಶ್ವಾಸದ ಹಾಗೂ ಧರ್ಮಸಭೆಯೊಳಗಿನ ಒಡಕಿನ ವಿಷಯದಲ್ಲಿ ಪೋಪನೂ ತನಗೆ ವಿಧೇಯನಾಗಬೇಕು ಎಂದು ಕಾನ್‌ಸ್ಟನ್ಸ್ ಕೂಟ 1415ರಲ್ಲಿ ಸಾರಿತ್ತು. 1460ರಲ್ಲಿ ಪೋಪ್ ಎರಡನೆಯ ಪಯಸ್, ಪೋಪನ ತೀರ್ಪಿನ ಮೇಲೆ ಮುಂದೆ ಕೂಡಲಿರುವ ಕೂಟಕ್ಕೆ ಮೇಲ್ಮನವಿ ಹೋಗುವುದನ್ನೇ ನಿಷೇಧಿಸಿದನು. ಲೂಥರ್ 1518ರಲ್ಲಿ ಅಂಥದೇ ಮೇಲ್ಮನವಿ ಸಲ್ಲಿಸಿದನು. ಇನ್ನೂ ಕರೆಯದ ಕೂಟಕ್ಕೆ ಮೊರೆಯಿಡುವ ಈ ಕ್ರಿಯೆಯ ತೀಕ್ಷ್ಣತೆ ‘ಪರಿಷತ್ತು’ ಎಂದೊಡನೆ ಮಂಕಾಗುತ್ತದೆ.

‘ಸಭೆ’ಯನ್ನು ಮಾತ್ರ ನಾನು ಬಿಟ್ಟುಕೊಡಲಾರೆ. ಲೂಥರನೇ ತನ್ನ 1522ರ ಹೊಸ ಒಡಂಬಡಿಕೆಯ ಅನುವಾದದಲ್ಲಿ, ‘ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುವೆನು’ ಎಂದು ಯೇಸು ಪೇತ್ರನಿಗೆ ಹೇಳುವ, ಪೋಪನ ಪಕ್ಷದವರ ಮುಖ್ಯ ಆಧಾರವಾದ ವಾಕ್ಯದಲ್ಲಿಯೂ, ಚರ್ಚ್ ಎಂಬರ್ಥದ ಜರ್ಮನ್ ಪದ ‘ಕಿರ್ಖೆ’ ಎನ್ನದೆ, ಜನಸಮುದಾಯ ಎಂಬರ್ಥದ ‘ಗೆಮೈನೆ’ಯನ್ನು ಬಳಸಿದನು; ನಮ್ಮ ‘ಸಭೆ’ ಅದಕ್ಕೆ ಬಹಳ ಹತ್ತಿರ.

ಸದ್ಯಕ್ಕೆ ‘ಮಹಾಸಮ್ಮೇಳನ’ದತ್ತ ವಾಲಿದ್ದೇನೆ. ಕರೆದು ಕೂಡಿಸುವ ಅರ್ಥ ಅದರಲ್ಲಿದೆ, ಆದರೆ ಎಲ್ಲರನ್ನೂ ಕಟ್ಟಿಹಾಕುವ ತೀರ್ಪು ಕೊಡುವ ಅಧಿಕಾರದ ಧ್ವನಿ ಇಲ್ಲ. ಪೋಪನಿಗಿಂತ ಈ ಕೂಟವೇ ಮೇಲು ಎಂಬ ಪಂಥಕ್ಕೆ ‘ಸಮ್ಮೇಳನ ಪಾರಮ್ಯವಾದ’ ಎಂದರೆ ಅರ್ಥವಾದೀತೇ? ಮಂಗಳೂರು, ಧಾರವಾಡಗಳ ದೇವಶಾಸ್ತ್ರ ತರಗತಿಗಳಲ್ಲಿ ಬಳಕೆಯಲ್ಲಿರುವ ಪದ ಯಾವುದೆಂದು ತಿಳಿದವರು, ಸಾಧ್ಯವಾದರೆ ಪ್ರಯೋಗದ ವಾಕ್ಯದೊಂದಿಗೆ, ತಿಳಿಸಬೇಕೆಂದು ಕೋರುತ್ತೇನೆ.