ಸಹಾಯ ಬೇಕು: ಕೋಲಾರ ಕಡೆಯಿಂದ ಓಎಸ್‌ಟಿಗೆ (ಇಂಜೆಕ್ಷನ್ ಚಟಕ್ಕೆ ಬದಲಿ ಮಾತ್ರೆ ಕೊಡೋ ಚಿಕಿತ್ಸೆ) ಹೋಗುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಹೆಸರು ಹಾಕದೆ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡಿ.

ನನ್ನ ತಮ್ಮ ಕೋಲಾರದ ಟೊಮೆಟೊ ಮಂಡಿಯಲ್ಲಿ ಲೋಡಿಂಗ್ ಮಾಡ್ತಾನೆ. ನೋವಿನ ಇಂಜೆಕ್ಷನ್ ಚುಚ್ಚಿಕೊಳ್ಳೋ ಚಟ. ಒಂದೇ ಸಿರಿಂಜು ಮೂರು ಜನ ಬಳಸ್ತಿದ್ದರಂತೆ. ಹೋದ ತಿಂಗಳು ಎಚ್‌ಐವಿ ಪಾಸಿಟಿವ್ ಬಂತು. ಎಆರ್‌ಟಿ, ಅಂದರೆ ಎಚ್‌ಐವಿ ಔಷಧ, ಉಚಿತವಾಗಿ ಸಿಗ್ತಿದೆ, ದಿನಕ್ಕೊಂದು ಮಾತ್ರೆ. ಡಬ್ಬಿಯ ಲೇಬಲ್ಲನ್ನ ಉಗುರಲ್ಲಿ ಕೆರೆದು ಕಿತ್ತು, ರಾಗಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದಾನೆ. ಅಮ್ಮನಿಗಿನ್ನೂ ಹೇಳಿಲ್ಲ. ಹೆಂಡತಿ ಟೆಸ್ಟ್ ನೆಗೆಟಿವ್, ದೇವರು ದೊಡ್ಡವನು. ಮಾತ್ರೆ ತಪ್ಪಿಸದೆ ನುಂಗಿ, ವೈರಸ್ ಟೆಸ್ಟಿನಲ್ಲಿ ಕಾಣದಷ್ಟು ಇಳಿದು ಹಾಗೇ ಉಳಿದರೆ, ಗಂಡ ಹೆಂಡತಿ ಕೂಡೋದರಿಂದ ಅವಳಿಗೆ ಹರಡಲ್ಲ ಅಂದರು ಕೌನ್ಸೆಲರ್. ಅದು ಕೇಳಿ ಇಬ್ಬರೂ ಅತ್ತುಬಿಟ್ಟರು. ಆದರೆ ಸೂಜಿ ಹಂಚಿಕೊಂಡರೆ ಆ ಭರವಸೆ ಇಲ್ಲವಂತೆ.

ಚಟ ಮಾತ್ರ ಬಿಟ್ಟಿಲ್ಲ. ಓಎಸ್‌ಟಿಯಲ್ಲಿ ಬ್ಯುಪ್ರೆನಾರ್ಫಿನ್ ಅನ್ನೋ ಬದಲಿ ಮಾತ್ರೆಯನ್ನ ನರ್ಸ್ ಎದುರೇ ನಾಲಿಗೆ ಕೆಳಗಿಟ್ಟು ಕರಗಿಸಬೇಕು, ಅದೂ ದಿನಾ. ಬೆಳಗ್ಗೆ ಮಂಡಿ ತಪ್ಪಿದರೆ ಅವತ್ತಿನ ಕೂಲಿ ಹೋಯ್ತು. ಕೋಲಾರ, ಚಿಂತಾಮಣಿ ಸುತ್ತ ಯಾರಾದರೂ ಇದನ್ನ ತಗೊಳ್ತಿದ್ದೀರಾ? ಹತ್ತಿರದ ಸೆಂಟರ್ ಯಾವುದು? ಕೆಲವು ದಿನದ ಡೋಸ್ ಮನೆಗೆ ಕೊಡ್ತಾರಾ? ಹೊಸ ಸಿರಿಂಜು ಎಲ್ಲಿ ಸಿಗುತ್ತೆ? ಏಡ್ಸ್ ಸಹಾಯವಾಣಿ 1097ಕ್ಕೂ ಫೋನ್ ಮಾಡ್ತೀನಿ, ಆದರೆ ಅನುಭವ ಇರೋರ ಮಾತೇ ಬೇರೆ.

ಇನ್ನೊಂದು. ತೋಳಿನ ಕೀವುಗಾಯಕ್ಕೆ ಡ್ರೆಸಿಂಗ್ ಮಾಡಿಸೋಕೆ ಹೋದರೆ, ಒಂದು ಕ್ಲಿನಿಕ್‌ನಲ್ಲಿ ಚೀಟಿ ನೋಡಿ ವಾಪಸ್ ಕಳಿಸಿದರು. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಹಾಗೆ ಮಾಡೋ ಹಾಗಿಲ್ಲ. ದೂರು ಕೊಟ್ಟವರಿದ್ದರೆ ದಾರಿ ತೋರಿಸಿ. ಅವನ ಗುಟ್ಟು ಹೊರಗೆ ಬೀಳಬಾರದು, ಅಷ್ಟೇ ನನ್ನ ಭಯ. ದಯವಿಟ್ಟು ಇನ್‌ಬಾಕ್ಸ್‌ಗೆ ಬರೆಯಿರಿ.